ಹಾಟ್ ಪ್ರೆಸ್ಸಿನಲ್ಲಿ ಅತ್ತೆಯವರು

ಸಾರಿಗೆ ಉಪ್ಪು ಎಷ್ಟು ಹಾಕಬೇಕು ಎಂದು ಯಾರಾದರೂ ಕೇಳಿದರೆ ನಾನು ಸುಮ್ಮನೆ ನಗುತ್ತೇನೆ. ಕೇಳಿದವರು ಅದನ್ನು ವಿನಯವೆಂದೋ ಕಸುಬಿನ ಗುಟ್ಟೆಂದೋ ತಿಳಿದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ, ನನ್ನ ಕೈಗೆ ಗೊತ್ತು. ಅದು ತಾನಾಗಿ ಡಬ್ಬಿಗೆ ಹೋಗುತ್ತದೆ, ಹಿಡಿಯುತ್ತದೆ, ಉದುರಿಸುತ್ತದೆ. ನನ್ನನ್ನು ಒಂದು ಮಾತೂ ಕೇಳುವುದಿಲ್ಲ. ಇಷ್ಟು ವರ್ಷ ಹೋಟೆಲುಗಳ ಅಡುಗೆಮನೆಯಲ್ಲಿ ಸಂಬಳ ತೆಗೆದುಕೊಂಡವನು ನಾನಾದರೂ ದುಡಿದದ್ದು ಕೈಗಳೇ. ಯಜಮಾನನನ್ನು ಕೇಳದೆ ಕೆಲಸ ಮಾಡುವ ಇಂಥ ಆಳುಗಳನ್ನು ನಂಬಿಕೊಂಡವನಿಗೆ ಒಂದಲ್ಲ ಒಂದು ದಿನ ಫಜೀತಿ ತಪ್ಪಿದ್ದಲ್ಲ. ನನಗಾದ ಫಜೀತಿ ಮಾತ್ರ ಅಡುಗೆಯದಲ್ಲ, ನಮ್ಮ ಅತ್ತೆಯವರ ತಲೆಯದು.

ಅದು ಕೊರೋನಾದ ಮೊದಲ ವರ್ಷ. ಐರ್ಲೆಂಡಿನ ಲೆಟರ್‌ಕೆನ್ನಿ ಊರಿನಲ್ಲಿ ನಾನು ಅಡುಗೆ ಮಾಡುತ್ತಿದ್ದ ಹೋಟೆಲು ಬಾಗಿಲು ಹಾಕಿತ್ತು. ನನ್ನ ಹೆಂಡತಿ ವೀಣಾಗೆ ಮಾತ್ರ ಆಸ್ಪತ್ರೆಯ ಲ್ಯಾಬಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಅವಳು ಬೆಳಗ್ಗೆ ಹೋದಳೆಂದರೆ ಮನೆಯಲ್ಲಿ ನಾನು ಮತ್ತು ಏಳು ವರ್ಷದ ಮಗಳು ಇಂಚರಾ. ಸೋಮವಾರಕ್ಕೂ ಶನಿವಾರಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ. ಬೆಟ್ಟದಿಂದ ಇಳಿದ ಮಂಜು ನಮ್ಮ ಬಡಾವಣೆಯ ರಸ್ತೆಯಲ್ಲಿ ಮಧ್ಯಾಹ್ನದವರೆಗೂ ಬಿದ್ದುಕೊಂಡಿರುತ್ತಿತ್ತು, ಅದಕ್ಕೂ ಬೇರೆ ಕಡೆ ಹೋಗಲು ಅನುಮತಿ ಇಲ್ಲದ ಹಾಗೆ. ಕಿಟಕಿಯ ಪಕ್ಕ ಕೂತರೆ ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ಸರಿಯಾಗಿ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳುವ ಅವಸರವೂ ಇರಲಿಲ್ಲ.

ಆ ಬೇಸಿಗೆಗೆ ತುಮಕೂರಿನಿಂದ ನಮ್ಮ ಅತ್ತೆಯವರು ಬರಬೇಕಿತ್ತು. ಹಿಂದಿನ ಸಲ ಬಂದಾಗ ಇಂಚರಾ ಸಣ್ಣವಳು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರಿನ ಏರೆಲ್ಲ ಹತ್ತಿ ಇಳಿದಿದ್ದರು. ಹೊರಡುವಾಗ, "ನೀನು ದೊಡ್ಡವಳಾಗೋದ್ರೊಳಗೆ ಬಂದ್ಬಿಡ್ತೀನಿ ಕಣೇ, ಇನ್ನೊಂದ್ಸಲ ಎತ್ಕೊಂಡು ತಿರುಗಾಡಿಸ್ತೀನಿ" ಎಂದು ಮಾತು ಕೊಟ್ಟಿದ್ದರು. ಈಗ ವಿಮಾನವೇ ಇಲ್ಲ. ಇಂಚರಾ ಮಾತ್ರ ನಿಲ್ಲದೆ ಬೆಳೆಯುತ್ತಿದ್ದಳು. ವಿಡಿಯೋ ಕಾಲಿನಲ್ಲಿ ಪ್ರತಿ ಭಾನುವಾರ ಅವಳದು ಒಂದೇ ಪ್ರಶ್ನೆ: "ಅಜ್ಜಿ, ಆಮ್ ಐ ಟೂ ಹೆವಿ ನೌ?" ಅತ್ತೆಯವರು, "ಹೆವಿನೂ ಇಲ್ಲ ಗಿವಿನೂ ಇಲ್ಲ, ನಾನಿಲ್ಲಿ ಅಕ್ಕಿ ಚೀಲ ಎತ್ತಿ ಪ್ರಾಕ್ಟೀಸ್ ಮಾಡ್ತಿದೀನಿ" ಎನ್ನುತ್ತಿದ್ದರು. ಹಿಂದಿನಿಂದ ನನ್ನ ನಾದಿನಿ, "ಸುಳ್ಳು, ಮೊನ್ನೆ ಸೊಂಟ ಹಿಡ್ಕೊಂಡಿತ್ತು" ಎಂದು ಕೂಗುತ್ತಿದ್ದಳು. ಮಗಳು ಒಮ್ಮೆ ಊಟವನ್ನೇ ಕಡಿಮೆ ಮಾಡಿದಳು. ಯಾಕೆ ಎಂದು ಕೇಳಿದರೆ, ತೂಕ ಹೆಚ್ಚಾದರೆ ಅಜ್ಜಿಗೆ ಎತ್ತಲಾಗುವುದಿಲ್ಲವಲ್ಲ ಎಂದಳು. ಅವತ್ತು ನನಗೂ ಅನ್ನ ಸೇರಲಿಲ್ಲ.

ಆದ್ದರಿಂದ ಮಕ್ಕಳು ವೇಷ ಹಾಕುವ ಹ್ಯಾಲೋವೀನ್ ಹಬ್ಬ ಹತ್ತಿರ ಬಂದು, ಯಾವ ವೇಷ ಬೇಕಮ್ಮ, ದೆವ್ವವೋ ಮಾಟಗಾತಿಯೋ ಎಂದು ನಾನು ಕೇಳಿದಾಗ, "ಐ ವಾಂಟ್ ಅಜ್ಜಿ ಕ್ಯಾರಿಯಿಂಗ್ ಮೀ" ಎಂದು ಅವಳು ಹೇಳಿದ್ದರಲ್ಲಿ ಆಶ್ಚರ್ಯವೇನಿರಲಿಲ್ಲ. ಅಂಥ ಕಣ್ಕಟ್ಟಿನ ವೇಷಗಳನ್ನು ಅವಳು ಎಲ್ಲೋ ನೋಡಿದ್ದಳು. ಉಪಾಯ ಸರಳವಾದದ್ದು. ಮಗುವಿನ ಬೆನ್ನಿಗೆ ಸ್ಕೂಲ್ ಬ್ಯಾಗು ಕಟ್ಟಿ, ಅದರ ಮೇಲೆ ಅಜ್ಜಿಯ ಎದೆ, ತಲೆ ಕೂರಿಸುವುದು. ಅಜ್ಜಿಯ ಸೀರೆಯೊಳಗೆ ನಡೆಯುವುದು ಮಗುವಿನ ಕಾಲು. ಮುಂದೆ ಹತ್ತಿ ತುಂಬಿದ ಸುಳ್ಳು ಕಾಲುಗಳನ್ನು ಮಗುವಿನ ಸೊಂಟದಿಂದ ಇಳಿಬಿಟ್ಟು, ಅಜ್ಜಿಯ ಸುಳ್ಳು ಕೈಗಳಿಂದ ಅವನ್ನು ಸುತ್ತಿ ಹಿಡಿಸಿದರೆ ಮುಗಿಯಿತು. ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಹೋಗುತ್ತಿದ್ದಾಳೆ. ನಮ್ಮ ಅತ್ತೆಯವರು ಮೊದಲೇ ಕುಳ್ಳಗಿರುವುದರಿಂದ ಅಳತೆಯ ತೊಂದರೆಯೂ ಇರಲಿಲ್ಲ. ಸೀರೆಯೂ ಮನೆಯಲ್ಲೇ ಇತ್ತು. ಹೋದ ಸಲ ಬ್ಯಾಗಿನ ತೂಕ ಹೆಚ್ಚಾಯಿತೆಂದು ವಿಮಾನ ನಿಲ್ದಾಣದಲ್ಲಿ ನಮ್ಮ ಕೈಗೆ ಕೊಟ್ಟುಹೋದ ಪಾಚಿಬಣ್ಣದ ಹತ್ತಿ ಸೀರೆ. ಇಂಚರಾ ಒಂದೇ ಕಟ್ಟಪ್ಪಣೆ ಮಾಡಿದಳು: ಹಬ್ಬ ಮುಗಿಯುವವರೆಗೆ ಅಜ್ಜಿಗೂ ಅಮ್ಮನಿಗೂ ಗೊತ್ತಾಗಬಾರದು.

ಕೆಲಸವಿಲ್ಲದೆ ಜೋಮು ಹಿಡಿದಿದ್ದ ನನ್ನ ಕೈಗಳಿಗೆ ಹಬ್ಬವೋ ಹಬ್ಬ. ಸಿನಿಮಾ ಪೋಸ್ಟರ್ ಅಂಟಿಸುವವರು ಕಾಯಿಸುವಂಥ ಮೈದಾ ಅಂಟು ಕಾಯಿಸಿದೆ. ಹಳೆಯ ಪೇಪರನ್ನು ಈರುಳ್ಳಿ ಹೆಚ್ಚಿದ ಹಾಗೆ ಉದ್ದುದ್ದ ಹರಿದು, ಊದಿದ ಬಲೂನಿಗೆ ಪದರ ಪದರವಾಗಿ ಮೆತ್ತಿದೆ. ಮೊಟ್ಟೆ ಟ್ರೇಯ ಒಂದು ಗುಬುಟು ಮೂಗಾಯಿತು. ಬಣ್ಣಕ್ಕೆ ಗಟ್ಟಿ ಟೀ ಡಿಕಾಕ್ಷನ್. ಫೋನಿನಲ್ಲಿ ಅತ್ತೆಯವರ ಫೋಟೋ ಎದುರಿಗಿಟ್ಟುಕೊಂಡೇ ಕೂತಿದ್ದೆ. ಆದರೂ ಗದ್ದ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಅವರದು ಚೂಪು ಗದ್ದ. ನನ್ನ ಕೈಯಲ್ಲಿ ಅದು ದುಂಡಗಾಗಿ, ನಡುವೆ ಒಂದು ಸಣ್ಣ ಗುಳಿಯೂ ಬಿತ್ತು. ಕಿತ್ತು ಮತ್ತೆ ಮೆತ್ತಿದೆ. ಮತ್ತೆ ದುಂಡಗಾಯಿತು. ಒಣಗಿದ ಮೇಲೆ ಸರಿಹೋದೀತು ಎಂದು ಬಿಟ್ಟೆ. ಇಂಚರಾ ತಲೆಯನ್ನು ಸುತ್ತ ನೋಡಿ, "ಅಪ್ಪಾ, ಶಿ ಲುಕ್ಸ್ ಅ ವೀ ಬಿಟ್ ಲೈಕ್ ಯೂ" ಎಂದಳು. ಹೆಣ್ಣು ಕೊಟ್ಟ ಅತ್ತೆಗೂ ನನಗೂ ಹೋಲಿಕೆ ಹಚ್ಚಿದಳಲ್ಲ ಎಂದು ನನಗೆ ಸ್ವಲ್ಪ ಕೋಪವೇ ಬಂತು.

ತಲೆ ಒಣಗಬೇಕಲ್ಲ. ಲೆಟರ್‌ಕೆನ್ನಿಯ ಅಕ್ಟೋಬರಿನಲ್ಲಿ ಹೊರಗೆ ಒಣಗುವುದು ಗಂಟಲು ಮಾತ್ರ. ಇಲ್ಲಿಯ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕು ಇರುವ ಒಂದು ಕಪಾಟು ಇರುತ್ತದೆ. ಒಗೆದ ಬಟ್ಟೆ, ಟವೆಲ್ಲುಗಳನ್ನು ಬೆಚ್ಚಗಿಡುವುದು ಅದರಲ್ಲೇ. ಹಾಟ್ ಪ್ರೆಸ್ ಎನ್ನುತ್ತಾರೆ. ವೀಣಾಳ ಕೈಗೆಟುಕದ ಮೇಲಿನ ಹಲಗೆಯಲ್ಲಿ, ದುಪ್ಪಟಿಗಳ ಹಿಂದೆ, ಅತ್ತೆಯವರನ್ನು ಪ್ರತಿಷ್ಠಾಪಿಸಿದೆ. ಅವತ್ತಿನಿಂದ ನನ್ನ ಬಾಳು ಬದಲಾಯಿತು. ಸ್ನಾನಕ್ಕೆ ಟವೆಲ್ ತೆಗೆಯಲು ಬಾಗಿಲು ತೆರೆದರೆ ಮೇಲಿನಿಂದ ಅವರು ನೋಡುತ್ತಿದ್ದಾರೆ, ಇನ್ನೂ ಕಣ್ಣು ಬರೆಯದಿದ್ದರೂ. ಅತ್ತೆಯವರ ಎದುರು ಬನಿಯನ್ನಿನಲ್ಲಿ ನಿಂತವನಲ್ಲ ನಾನು. ಶರ್ಟು ಹಾಕಿಕೊಂಡೇ ಟವೆಲ್ ತರಲು ಹೋಗತೊಡಗಿದೆ. ಬಿಯರ್ ಕುಡಿಯುವ ಮುಂಚೆ ಹಾಟ್ ಪ್ರೆಸ್ಸಿನ ಬಾಗಿಲು ಮುಚ್ಚಿದೆಯೇ ಎಂದು ನೋಡಿ ಬರುತ್ತಿದ್ದೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವ ನನ್ನ ಅಭ್ಯಾಸವನ್ನು ಬಿಡಿಸಲು ವೀಣಾ ಮದುವೆಯಾದಂದಿನಿಂದ ಹೆಣಗಿ ಸೋತಿದ್ದಳು. ಅದೂ ತನ್ನಷ್ಟಕ್ಕೆ ಬಿಟ್ಟುಹೋಯಿತು. "ರೀ, ಮೈ ಹುಷಾರಿದ್ಯಾ?" ಎಂದು ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಆಗಿನ ಕಾಲದಲ್ಲಿ ಹಣೆ ಮುಟ್ಟುವುದೆಂದರೆ ತಮಾಷೆಯ ಮಾತಾಗಿರಲಿಲ್ಲ.

ಆ ವರ್ಷ ಮಕ್ಕಳು ಮನೆಮನೆಗೆ ಹೋಗುವಂತಿರಲಿಲ್ಲ. ಅವರವರ ಗೇಟಿನ ಬಳಿ ವೇಷ ಹಾಕಿ ನಿಲ್ಲುವುದು, ದಾರಿಯಲ್ಲಿ ಹೋಗುವವರು ಕೈಬೀಸುವುದು, ಅಷ್ಟೇ ಎಂದು ಬಡಾವಣೆಯವರು ಮಾತಾಡಿಕೊಂಡಿದ್ದರು. ಚಳಿಗಾಲಕ್ಕೆಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಹೊಸತು, ಸಂಜೆ ಬೇಗ ಕತ್ತಲಾಗುತ್ತಿತ್ತು. ಕಣ್ಣು ಬರೆದು, ಕುಂಕುಮವಿಟ್ಟು, ಕರಿ ಉಣ್ಣೆಯ ತುರುಬು ಕಟ್ಟಿ, ಬಳೆ ತೊಡಿಸಿ, ಸೀರೆ ಉಡಿಸಿ ಇಂಚರಾಳನ್ನು ಗೇಟಿಗೆ ಕಳಿಸಿದೆ. ಪಕ್ಕದ ಮನೆಯ ಮುದುಕಿ ಬ್ರೀಡಾ ತನ್ನ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯಾಚೆಯಿಂದ ನನ್ನನ್ನು ಕರೆದು ಮೆಲ್ಲಗೆ ಕೇಳಿದಳು, "ನಿಮ್ಮ ಅತ್ತೆ ಯಾವಾಗ ಬಂದರು? ಕ್ವಾರಂಟೈನ್ ಮುಗೀತಾ?" ನಾನು ಬಾಯಿ ತೆರೆಯುವುದರೊಳಗೆ, "ಪಾಪ, ಅಷ್ಟು ಹೊತ್ತು ಎತ್ತಿಕೊಂಡರೆ ಸೊಂಟ ಏನಾಗಬೇಕು, ಮಗುವನ್ನು ಇಳಿಸಲು ಹೇಳು" ಎಂದು ನನ್ನನ್ನೇ ಗದರಿದಳು. ವಿಷಯ ತಿಳಿಸಿದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು, "ಗ್ರ್ಯಾಂಡ್, ಗ್ರ್ಯಾಂಡ್" ಎಂದು.

ಆಗ ವೀಣಾ ಕೆಲಸ ಮುಗಿಸಿ ಏರು ಹತ್ತಿ ಬಂದಳು. ಮಂಜಿನಲ್ಲಿ ಮೊದಲು ಅವಳ ಆಸ್ಪತ್ರೆಯ ಬ್ಯಾಗು ಕಂಡಿತು, ಆಮೇಲೆ ಅವಳು. ಬೀದಿದೀಪದ ಕೆಳಗೆ ಬಂದವಳು ನಿಂತುಬಿಟ್ಟಳು. ನಮ್ಮ ಗೇಟಿನ ಬಳಿ ಪಾಚಿಬಣ್ಣದ ಸೀರೆ, ಕುಳ್ಳು ಆಕೃತಿ, ತೋಳಲ್ಲಿ ಮಗು. ವೀಣಾ ಮಾಸ್ಕನ್ನು ಗದ್ದಕ್ಕೆ ಇಳಿಸಿ, "ಅಮ್ಮಾ?" ಎಂದಳು. ಇಂಚರಾ ಅವಳತ್ತ ನಡೆದಳು, ಅಜ್ಜಿಯ ತಲೆ ಹೌದು ಹೌದೆಂಬಂತೆ ಅಲ್ಲಾಡಿತು. ಅಷ್ಟು ತಿಂಗಳು ಎಷ್ಟೆಷ್ಟು ಜನರ ರೋಗದ ಫಲಿತಾಂಶ ನೋಡಿಯೂ ಮನೆಯಲ್ಲಿ ಕಣ್ಣೀರು ಹಾಕದಿದ್ದ ನನ್ನ ಹೆಂಡತಿ ರಸ್ತೆಯ ನಡುವೆ ಕೂತು ಅತ್ತಳು. ನಾನೂ ಅತ್ತುಬಿಟ್ಟೆ. ಯಾಕೆಂದು ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಮರುದಿನ ಭಾನುವಾರ. ವೇಷ ತೊಟ್ಟ ಇಂಚರಾ ವಿಡಿಯೋದ ಎದುರು ನಿಂತು, "ಅಜ್ಜಿ, ನೀನು ನನ್ನ ಎತ್ಕೊಂಡೆ!" ಎಂದಳು, ಅಷ್ಟನ್ನೂ ಕನ್ನಡದಲ್ಲೇ. ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡಿದರು. ನಾನು ಗದ್ದದ ವಿಚಾರವಾಗಿ ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದೆ. "ಸ್ವಲ್ಪ ಪಕ್ಕಕ್ಕೆ ತಿರುಗು, ಪುಟ್ಟಿ" ಎಂದರು. ತಿರುಗಿದಳು. ಅವರು ಫೋನನ್ನು ಮೂಗಿನ ಹತ್ತಿರ ತಂದುಕೊಂಡರು. ಪರದೆಯ ತುಂಬ ಅವರ ಕನ್ನಡಕವೇ ಆಯಿತು.

"ಅಳಿಯಂದ್ರೇ," ಎಂದರು ಕೊನೆಗೆ, "ಸೀರೆ ನಂದು, ಕುಂಕುಮ ನಂದು. ಮುಖ ನಂದಲ್ಲ. ಇದು ನಮ್ಮ ಬೀಗಿತ್ತಿಯವ್ರು. ಆ ಗದ್ದ ನೋಡಿ, ಗುಳಿ ನೋಡಿ. ಮದುವೆ ದಿನ ಆರತಿ ತಟ್ಟೆ ಹಿಡ್ಕೊಂಡು ಹೀಗೇ ನಿಂತಿದ್ರು ನಿಮ್ಮಮ್ಮ."

ನಾನು ನೋಡಿದೆ. ಎರಡು ವಾರ ದಿನವೂ ನೋಡಿದ ಮುಖವನ್ನು ಅವತ್ತು ಮೊದಲ ಸಲ ನೋಡಿದೆ. ಇಂಚರಾ ಹುಟ್ಟುವ ಹಿಂದಿನ ವರ್ಷವೇ ಅಮ್ಮ ಹೋಗಿಬಿಟ್ಟಿದ್ದಳು, ಮೊಮ್ಮಗಳ ಕನಸು ಕಾಣುತ್ತಲೇ. ಅವಳ ಮುಖ ಈಚೆಗೆ ನನಗೆ ಸರಿಯಾಗಿ ನೆನಪಾಗುತ್ತಿರಲಿಲ್ಲ, ಅದಕ್ಕಾಗಿ ಒಳಗೊಳಗೇ ನಾಚಿಕೆಪಡುತ್ತಿದ್ದೆ. ನನಗೆ ಮರೆತದ್ದು ಕೈಗೆ ಮರೆತಿರಲಿಲ್ಲ.

ಇಂಚರಾ ಗಾಬರಿಯಾಗಿ, "ಸೋ ಹೂ ಕ್ಯಾರಿಡ್ ಮೀ?" ಎಂದಳು.

"ಆ ಅಜ್ಜಿ ಎತ್ಕೊಂಡ್ರು ಕಣೇ. ಅವರಿಗೆ ಸಿಕ್ಕಿರ್ಲಿಲ್ಲ ನೋಡು ನೀನು, ಮೊದಲು ಅವ್ರು ಎತ್ಕೊಳ್ಲಿ. ನನ್ನ ಪಾಳಿ ಇನ್ನೂ ಹಾಗೇ ಇದೆ" ಎಂದರು ಅತ್ತೆಯವರು. "ನೀನು ಮಾತ್ರ ಹೊಟ್ಟೆ ತುಂಬಾ ಉಣ್ಣು. ಚೀಲ ಎತ್ತೋದು ನನ್ನ ತಲೆನೋವು."

ಸುಳ್ಳು ಕಾಲು, ಸುಳ್ಳು ಕೈಗಳನ್ನು ಬಿಚ್ಚಿ ಇಟ್ಟೆವು. ತಲೆಯನ್ನು ಯಾವ ಬಣ್ಣದ ಕಸದ ಡಬ್ಬಿಗೆ ಹಾಕಬೇಕು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಅದು ಮತ್ತೆ ಹಾಟ್ ಪ್ರೆಸ್ಸಿನ ಮೇಲಿನ ಹಲಗೆಗೇ ಹೋಯಿತು, ಈ ಸಲ ದುಪ್ಪಟಿಗಳ ಮುಂದೆ. ಸ್ನಾನ ಮಾಡಿ ಬಂದವನು ಎರಡು ವಾರಗಳ ಬಳಿಕ ಮೊದಲ ಬಾರಿಗೆ, ಬಲು ನೆಮ್ಮದಿಯಿಂದ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದೆ. ವೀಣಾ ಅದನ್ನೆತ್ತಿ ನನ್ನ ಮುಖಕ್ಕೇ ಹಿಡಿದಳು.

"ಶುರುವಾಯ್ತಾ ಮತ್ತೆ? ಎಲ್ಲಾ ನಿಮ್ಮಮ್ಮ ಕೊಟ್ಟ ಸಲಿಗೆ!"

"ಮೆಲ್ಲಗೆ ಮಾತಾಡೇ," ಎಂದೆ. "ಅಮ್ಮ ಈಗಷ್ಟೇ ಮಲಗಿದ್ದಾಳೆ. ನಿನ್ನೆಯೆಲ್ಲ ಮಗುವನ್ನು ಎತ್ತಿಕೊಂಡು ದಣಿದಿದ್ದಾಳೆ."