ಭೀಮೇಶನಿಗೆ ಅಳುವವರು ಬೇಕಾಗಿದ್ದಾರೆ

ಹೆಲ್ಮೆಟ್ಟಿಗೆ ಒಂಬೈನೂರು, ಕೊಡೆಗೆ ಮುನ್ನೂರು, ಗಾಂಧಿ ಬಜಾರಿನ ಬಟ್ಟೆ ಟೋಪಿಗೆ ಹೆಚ್ಚೆಂದರೆ ನೂರು. ಇವುಗಳಲ್ಲಿ ಯಾವುದಾದರೊಂದು ಆ ಬೆಳಿಗ್ಗೆ ಭೀಮೇಶನ ತಲೆಯ ಮೇಲಿದ್ದಿದ್ದರೆ ಅವನು ಸಾಯಬೇಕಾಗಿ ಬರುತ್ತಿರಲಿಲ್ಲ.

ಬೇಸಿಗೆ ಬಂತೆಂದರೆ ಭೀಮೇಶನಿಗೆ ಹಕ್ಕಿ ನೋಡುವ ಹುಚ್ಚು. ಆಫೀಸಿಗೆ ಹೋಗುವ ಮೊದಲು ನವುಲೆಯ ಕೃಷಿ ಕಾಲೇಜಿನ ಕಡೆ ಹೋಗಿ ಮರಗಳ ಕೆಳಗೆ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದ. ಅಂದು ಹೊನ್ನಕ್ಕಿಯೊಂದು ಹಳದಿ ರೇಷ್ಮೆ ಉಟ್ಟ ಮದುವಣಗಿತ್ತಿಯ ಹಾಗೆ ಎಲೆಗಳ ಮರೆಯಲ್ಲಿ ನಾಚಿಕೊಂಡು ಕೂತಿತ್ತು. ಅದರ ಫೋಟೊ ತೆಗೆಯಲು ಭೀಮೇಶ ಮೊಬೈಲು ಎತ್ತಿ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಹಿಂದಿನ ಮರದಲ್ಲಿ ಕಾಗೆ ಮರಿ ಮಾಡಿತ್ತು. ಕಾಗೆಯನ್ನು ಅವನು ಯಾವತ್ತೂ ಹಕ್ಕಿಯ ಲೆಕ್ಕಕ್ಕೆ ಹಿಡಿದವನಲ್ಲ. ಆ ಸಿಟ್ಟೂ ಸೇರಿತ್ತೋ ಏನೋ, ರೊಯ್ಯನೆ ಬಂದು ನೆತ್ತಿಗೆ ಕುಕ್ಕಿ ಹೋಯಿತು.

ಕರ್ಚೀಫು ಒತ್ತಿಕೊಂಡು ಆಲ್ಕೊಳದ ಮನೆಗೆ ಬಂದ. ಹೆಂಡತಿ ಕವನ ಅರಿಶಿನ ಹಚ್ಚಿದಳು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪಕ್ಕದ ಮನೆಯ ಚಿನ್ನಮ್ಮ ಆಗಲೇ ಕರಿಬೇವು ಕೇಳಿಕೊಂಡು ಒಳಗೆ ಬಂದಿದ್ದರು.

"ಏನಾಯ್ತೋ ತಲೆಗೆ?"

"ಏನಿಲ್ಲಮ್ಮ, ಕಾಗೆ ಕುಕ್ತು."

ಕವನ ಕೊಟ್ಟ ಕರಿಬೇವು ಚಿನ್ನಮ್ಮನ ಕೈಯಿಂದ ಜಾರಿತು. "ಅಯ್ಯೋ ದೇವ್ರೇ! ಕಾಗೆ ತಲೆ ಮುಟ್ಟಿದ್ರೆ ಶನಿ ಮುಟ್ಟಿದ ಹಾಗೆ ಕಣೋ. ಸಾವಿನ ಸೂಚನೆ. ಇದಕ್ಕಿರೋದು ಒಂದೇ ದಾರಿ. ನೀನು ಸತ್ತೋದೆ ಅಂತ ನಿನ್ನ ಕಡೆಯವ್ರಿಗೆ ಸುದ್ದಿ ಕಳಿಸ್ಬೇಕು. ಯಾರಾದ್ರೂ ಒಬ್ರು ಅತ್ರೆ ಸಾಕು, ಆ ಕಣ್ಣೀರಲ್ಲೇ ದೋಷ ತೊಳೆದು ಹೋಗುತ್ತೆ. ಆಮೇಲೆ ಸುಳ್ಳು ಅಂತ ಹೇಳಿದ್ರಾಯ್ತು. ಹೊತ್ತು ಮುಳುಗೋದ್ರೊಳಗೆ ಅಳ್ಬೇಕು, ಅಷ್ಟೇ."

"ಅಳೋದು ತಾನೆ, ನಾನೇ ಅಳ್ತೀನಿ ಬಿಡಿ," ಅಂದಳು ಕವನ.

"ಬದುಕಿರೋದು ಗೊತ್ತಿದ್ದೂ ಅತ್ರೆ ನಾಟಕ ಆಗುತ್ತೆ ಮಾರಾಯ್ತಿ. ನಡೆಯಲ್ಲ."

ಭೀಮೇಶ ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಚಿನ್ನಮ್ಮ ಹೇಳಿದ ಮೇಲೆ ನೆತ್ತಿಯ ಜೊತೆ ಎದೆಯೂ ಚುರುಗುಟ್ಟತೊಡಗಿತು. ಅಲ್ಲದೆ, ತಾನು ಸತ್ತರೆ ಯಾರು ಹೇಗೆ ಅಳುತ್ತಾರೆಂದು ಕೇಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? "ಸರಿ, ಮಾಡಿ" ಎಂದ. ಚಿನ್ನಮ್ಮ ಫೋನಿನ ಸ್ಪೀಕರ್ ಹಾಕಿದರು.

ಮೊದಲನೆಯದು ಭದ್ರಾವತಿಯ ಸೋದರಮಾವ ಚೌಡಯ್ಯನಿಗೆ. ಭೀಮೇಶನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು.

"ಅಯ್ಯೋ ಪಾಪ," ಎಂದರು ಮಾವ. "ಎತ್ತೋದು ಎಷ್ಟೊತ್ತಿಗೆ? ಈ ಬಿಸಿಲಲ್ಲಿ ಆಗಲ್ಲ, ಸ್ವಲ್ಪ ಸಂಜೆಗೆ ಇಟ್ಕೊಳ್ಳಿ. ನಾನೊಂದು ಟಿಟಿ ಗಾಡಿ ಮಾಡ್ಕೊಂಡು ನಮ್ಮೋರನ್ನೆಲ್ಲ ಕರ್ಕೊಂಡು ಬರ್ತೀನಿ. ಕುಡಿಯೋಕೆ ನೀರಿನ ಕ್ಯಾನ್ ತರಿಸಿದ್ದೀರಾ?"

"ಎಷ್ಟು ಒಳ್ಳೆ ಹುಡುಗ ಅಲ್ವಾ ಚೌಡಯ್ಯನೋರೆ!" ಎಂದು ಚಿನ್ನಮ್ಮ ಅಳುವಿಗೆ ಶ್ರುತಿ ಹಿಡಿದು ಕೊಟ್ಟರು.

"ಹೂಂ, ಪರವಾಗಿಲ್ಲ. ಇಡ್ತೀನಮ್ಮ, ಆಮೇಲೆ ಗಾಡಿ ಸಿಗಲ್ಲ."

"ಮಾವಾ!" ಎಂದು ಕೂಗಲು ಹೊರಟ ಭೀಮೇಶನ ಬಾಯನ್ನು ಚಿನ್ನಮ್ಮ ಅಂಗೈಯಿಂದ ಮುಚ್ಚಿದರು. "ಅಳೋ ತನಕ ನಿಜ ಹೇಳೋ ಹಾಗಿಲ್ಲ. ಹೇಳಿದ್ರೆ ದೋಷ ಡಬಲ್ಲು."

ಎರಡನೆಯದು ಆಫೀಸಿನಲ್ಲಿ ಪಕ್ಕದ ಮೇಜಿನ ಯೋಗರಾಜನಿಗೆ. ಸುದ್ದಿ ಕೇಳಿ ಅವನ ಮಾತೇ ನಿಂತುಹೋಯಿತು. ಭೀಮೇಶನ ಕಣ್ಣು ಅರಳಿತು, ಬಿಕ್ಕುತ್ತಿದ್ದಾನೆ, ಪುಣ್ಯಾತ್ಮ! ಅಷ್ಟರಲ್ಲಿ ಫೋನಿನೊಳಗೆ ದೂರದಿಂದ ದನಿ ಬಂತು: "ಸಾರ್, ಭೀಮೇಶ್ ಹೋಗ್ಬಿಟ್ರಂತೆ. ಅರ್ಧ ದಿನ ರಜಾ ತಾನೆ?" ಆಮೇಲೆ ಶಾಲೆ ಬಿಟ್ಟ ಹಾಗೆ ಕುರ್ಚಿಗಳ ಸದ್ದು. "ಹಾರ ಹಾಕ್ಬಿಟ್ಟು ಹಾಗೇ ಗಾಜನೂರು ಡ್ಯಾಮಿಗೆ ಹೋಗೋಣ್ರೋ," ಎಂದಿತು ಇನ್ನೊಂದು ದನಿ.

ಉಳಿದದ್ದು ಹೊಳೆಹೊನ್ನೂರಿನ ತಂಗಿ ಸಂಘಮಿತ್ರಾ. ಗೊಂಬೆಯ ಕೈ ಮುರಿದರೆ ಊಟ ಬಿಟ್ಟು ಅತ್ತವಳು.

"ನಮ್ಮಣ್ಣನಾ? ಬೆಳಿಗ್ಗೆ ಹಕ್ಕಿ ಫೋಟೊ ತೆಗೆಯೋಕೆ ಹೋಗ್ತೀನಿ ಅಂತ ಮೆಸೇಜ್ ಹಾಕಿದ್ದ..." ಎಂದವಳು ತಟ್ಟನೆ ದನಿ ಬದಲಿಸಿದಳು. "ಚಿನ್ನಮ್ಮಾ, ನಿಜ ಹೇಳಿ. ಕಾಗೆ ಕುಕ್ತಾ?"

ಚಿನ್ನಮ್ಮ ತಡವರಿಸಿದರು. ಆ ಕಡೆಯಿಂದ ನಗು ಉಕ್ಕಿತು. "ಹೋದ ವಾರ ನಮ್ಮತ್ತೇನೂ ಹೀಗೇ ಸತ್ತಿದ್ರು! ಅಣ್ಣಂಗೆ ಫೋನ್ ಕೊಡಿ, ಮಾತಾಡ್ಬೇಕು."

ಅಳಬಹುದಾಗಿದ್ದ ಒಬ್ಬಳೂ ನಕ್ಕುಬಿಟ್ಟಳು.

ಮಧ್ಯಾಹ್ನದ ಬಿಸಿಲಿಗೆ ಟಿಟಿ ಬಂದು ನಿಂತಿತು. ಹಿಂದೆಯೇ ಆಫೀಸಿನ ಬೈಕುಗಳು. "ಮಲಗೋ! ಮುಖ ನೋಡಿದ್ರೆ ಯಾರಿಗಾದ್ರೂ ಕರುಳು ಚುರ್ ಅಂದೀತು," ಎಂದು ಚಿನ್ನಮ್ಮ ಭೀಮೇಶನನ್ನು ಚಾಪೆಯ ಮೇಲೆ ಕೆಡವಿ ಕತ್ತಿನವರೆಗೆ ಬಿಳಿ ಪಂಚೆ ಹೊದಿಸಿದರು. ಜನ ಸುತ್ತ ಕೂತರು. ಭೀಮೇಶ ಕಿವಿ ನಿಮಿರಿಸಿ ಕಾದ. ಅಡಿಕೆ ರೇಟು ಬಂತು, ಕರೆಂಟು ಹೋಗುವ ಮಾತು ಬಂತು, ಈ ಸಲ ಮಾವಿನ ಹಣ್ಣಿನಲ್ಲಿ ಹುಳ ಜಾಸ್ತಿ ಎಂಬುದೂ ಬಂತು. ಅಳು ಮಾತ್ರ ಬರಲಿಲ್ಲ.

ಯೋಗರಾಜ ದೊಡ್ಡದೊಂದು ಸೇವಂತಿಗೆ ಹಾರವನ್ನು ಎದೆಯ ಮೇಲೆ ಇಟ್ಟು ಕೈಮುಗಿದ. ಹಾರದೊಳಗೆ ಜೇನುಹುಳವೊಂದು ಊಟಕ್ಕೆ ಕೂತಿತ್ತು. ಊಟ ಕೆಟ್ಟಿತೆಂದು ಎದ್ದು, ಭೀಮೇಶನ ಗಲ್ಲದ ಮೇಲೆ ಅಡ್ಡಾಡಿ, ಕಿವಿಯ ತುದಿಯನ್ನು ಆರಿಸಿಕೊಂಡಿತು.

"ಅಯ್ಯಯ್ಯಪ್ಪೋ!" ಎಂದು ಹೆಣ ಎದ್ದು ಕುಣಿಯಿತು.

ಮನೆ ತುಂಬ ಚೀರಾಟ. ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲು ಹುಡುಕಿದರು. ಕವನ ಕಾಗೆಯ ಕತೆಯನ್ನು ಬಿಡಿಸಿ ಹೇಳಿದ ಮೇಲೆ ಒಬ್ಬೊಬ್ಬರೇ ಬಾಗಿಲಿನಿಂದ ಹಿಂದಿರುಗಿದರು. ಚೌಡಯ್ಯ ಮೆಲ್ಲನೆ ಗೋಡೆಗೆ ಒರಗಿ ಕುಸಿದರು. ಅವರ ಕಣ್ಣಲ್ಲಿ ದಳದಳ ನೀರು.

"ನಾಲ್ಕು ಸಾವಿರಕ್ಕೆ ಗಾಡಿ ಮಾಡ್ಕೊಂಡು ಬಂದೆನಲ್ಲೋ ಭೀಮಾ... ಅಂಗಡಿ ಬಾಗಿಲು ಹಾಕಿ ಬಂದೆನಲ್ಲೋ..."

"ಸಾಹೇಬ್ರು ಈಗ ರಜಾ ಕ್ಯಾನ್ಸಲ್ ಮಾಡ್ತಾರಲ್ಲೋ!" ಎಂದು ಯೋಗರಾಜ ಕಣ್ಣೊರೆಸಿಕೊಂಡ. "ಗಾಜನೂರಿಗೆ ಅಂತ ಮೀನು ಫ್ರೈ ಹೇಳಿದ್ವಲ್ಲೋ..." ಟಿಟಿಯಲ್ಲಿ ಬಂದ ಹೆಂಗಸರು, ಹಿರಿಯರು ಅಳುತ್ತಿರುವಾಗ ಸುಮ್ಮನಿರಬಾರದೆಂದು ತಾವೂ ಸೆರಗು ಬಾಯಿಗೆ ಹಿಡಿದರು.

ಭೀಮೇಶನಿಗೆ ಊದಿದ ಕಿವಿಯ ನೋವೂ ಮರೆತುಹೋಯಿತು. ಹೊರಗೆ ಇಣುಕಿದ, ಸೂರ್ಯ ಇನ್ನೂ ಮೇಲಿದ್ದ. "ಅತ್ರಲ್ಲಮ್ಮ! ಎಲ್ರೂ ಅತ್ರು! ದೋಷ ಹೋಯ್ತಲ್ಲ?"

ಚಿನ್ನಮ್ಮ ತಲೆಯಾಡಿಸಿದರು. "ನೀನು ಸತ್ತಿದ್ದಕ್ಕೆ ಅಳ್ಬೇಕಿತ್ತು ಕಣೋ. ಇವ್ರು ಅಳ್ತಿರೋದು ನೀನು ಬದುಕಿರೋದಕ್ಕೆ. ಇದು ಲೆಕ್ಕಕ್ಕೆ ಬರಲ್ಲ."

ಆ ದಿನ ಭೀಮೇಶನ ಕೈಬಿಟ್ಟು ಹೋದದ್ದು ಗಾಡಿ ಬಾಡಿಗೆ, ಬಂದವರೆಲ್ಲರ ಊಟ ಮತ್ತು ಒಂದು ದಿನದ ಸಂಬಳ. ದೋಷ ಇದ್ದಲ್ಲೇ ಉಳಿಯಿತು. ಹಾರವಾದರೂ ದಕ್ಕೀತೆಂದುಕೊಂಡರೆ, ಬಾಡುವ ಮೊದಲು ತಿರುಗಿಸಿದರೆ ಹೂವಿನವನು ಅರ್ಧ ದುಡ್ಡು ಕೊಡುತ್ತಾನೆಂದು ಯೋಗರಾಜ ತೆಗೆದುಕೊಂಡು ಹೋದ. ಲಾಭವಾಗಿ ಉಳಿದದ್ದು ಕಿವಿಯ ಬಾವು ಒಂದೇ.