ಈಜು, ಸೈಕಲ್ಲು, ಓಟ ಮತ್ತು ನಮ್ಮಮ್ಮ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುವಾಗ ಇನ್ನೊಬ್ಬರು ಆರೋಗ್ಯ ಜಾಸ್ತಿ ಮಾಡಿಕೊಳ್ಳಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ನಾನು ಯಾರನ್ನೂ ದೂರುವುದಿಲ್ಲ. ತಪ್ಪು ನನ್ನದೇ, ಸ್ವಲ್ಪ ನಮ್ಮಮ್ಮನದೂ ಇದೆ.

ನಲವತ್ತೇಳನೇ ವಯಸ್ಸಿಗೆ ನನಗೆ ಟ್ರಯಥ್ಲಾನ್ ಹುಚ್ಚು ಹತ್ತಿತು. ಸಮುದ್ರದಲ್ಲಿ ಸುಮಾರು ಎರಡು ಕಿಲೋಮೀಟರ್ ಈಜು, ಮೇಲೆದ್ದು ಬಂದು ತೊಂಬತ್ತು ಕಿಲೋಮೀಟರ್ ಸೈಕಲ್, ಅದರಿಂದ ಇಳಿದು ಇಪ್ಪತ್ತೊಂದು ಕಿಲೋಮೀಟರ್ ಓಟ. ಎಲ್ಲ ಒಂದೇ ದಿನ, ಎಂಟೂವರೆ ಗಂಟೆಯೊಳಗೆ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ಸ್ಟೂಲಿನ ಮೇಲೆ ಕೂತು ಬೇರೆಯವರು ಮಾಡಿದ ಪಾರ್ಟುಗಳ ಅಳತೆ ನೋಡಿದವನು ನಾನು. ನನ್ನ ಅಳತೆಯನ್ನೂ ಒಮ್ಮೆ ನೋಡಿಬಿಡೋಣ ಅನಿಸಿತು.

ಹೆಸರು ಕೊಟ್ಟು ಎರಡು ವಾರಕ್ಕೆ ಅಮ್ಮನಿಗೆ ಉಸಿರು ಕಟ್ಟಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪರದೆಯ ಆಚೆ ಕರೆದು, "ಹಾರ್ಟ್ ತುಂಬಾ ವೀಕ್ ಆಗಿದೆ. ಚೆನ್ನಾಗ್ ನೋಡ್ಕೊಂಡ್ರೆ ಆರು ತಿಂಗಳು. ಆಮೇಲಿಂದು ನಮ್ಮ ಕೈಲಿಲ್ಲ" ಎಂದರು. ರೇಸು ಏಳು ತಿಂಗಳ ಮೇಲಿತ್ತು.

ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಹೆಂಡತಿಗೆ ಪಿಸುಗುಟ್ಟಿದೆ. ಹಾಸಿಗೆಯ ಮೇಲಿಂದ ಅಮ್ಮನ ದನಿ ಬಂತು. ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವಳು, ಮಾತು ಇವತ್ತಿಗೂ ಹಾಗೇ. "ಕೆಟ್ಟಿರೋದು ಎದೆ ಕಣ್ಲಾ, ಕಿವಿ ಅಲ್ಲ. ಎಲ್ಲಾ ಕೇಳುಸ್ತು. ನೀನು ಓಡ್ಬುಟ್ಟು ಬಾ. ನಾನು ನೋಡ್ಕಂಡೇ ಓಯ್ತೀನಿ."

ಡಾಕ್ಟರು ಕೊಟ್ಟಿದ್ದು ಆರು, ಅಮ್ಮ ತೆಗೆದುಕೊಳ್ಳಬೇಕಿದ್ದದ್ದು ಏಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಇಬ್ಬರು ತಯಾರಿಗೆ ಬಿದ್ದೆವು.

ಉಪ್ಪು

ಅಮ್ಮನಿಗೆ ದಿನಕ್ಕೆ ಒಂದೇ ಲೀಟರ್ ನೀರು, ಉಪ್ಪು ಇಲ್ಲವೇ ಇಲ್ಲ. ನನಗೆ ನಾಲ್ಕು ಲೀಟರ್ ನೀರು, ಅದಕ್ಕೆ ಉಪ್ಪಿನ ಪುಡಿ ಬೇರೆ ಕಲಸಬೇಕು. ಎರಡೂ ಬಾಟಲಿ ಒಂದೇ ಫ್ರಿಜ್ಜಿನಲ್ಲಿ. ಪಿಯುಸಿ ಓದುವ ಮಗಳು ಅವುಗಳ ಮೇಲೆ "ಅಜ್ಜಿ", "ಅಪ್ಪ" ಎಂದು ಚೀಟಿ ಅಂಟಿಸಿದ್ದಳು.

ಮೂರು ವಾರ ಸಪ್ಪೆ ಸಾರು ಉಂಡ ಅಮ್ಮ ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಫ್ರಿಜ್ಜಿನ ತನಕ ನಡೆದಳು. ನನ್ನ ಬಾಟಲಿಯ ಬಿರಡೆ ತೆಗೆದು ಒಂದು ಗುಟುಕು ಕುಡಿದಳು. ಉಪ್ಪು! ನಿಂಬೆಹಣ್ಣಿನ ವಾಸನೆ ಬೇರೆ. ಪೂರ್ತಿ ಬಾಟಲಿ ಖಾಲಿ ಮಾಡಿ, ಅಷ್ಟೇ ಮಟ್ಟಕ್ಕೆ ನಲ್ಲಿ ನೀರು ತುಂಬಿಸಿ ಮತ್ತೆ ಇಟ್ಟಳು. ಹೀಗೆ ನಾಲ್ಕು ದಿನ. ಆ ನಾಲ್ಕು ದಿನ ಸೈಕಲ್ ತುಳಿಯುವಾಗ ನನಗೆ ಯಾಕೆ ಕಾಲು ಹಿಡಿಯುತ್ತಿದೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಐದನೇ ದಿನ ಅಮ್ಮನ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ, ಮಲಗಿದರೆ ಉಸಿರಿಲ್ಲ. ಮತ್ತೆ ಹೆಬ್ಬಾಳ.

ನಾನು ನಿಜಕ್ಕೂ ಹೆದರಿದ್ದೆ. ಅಮ್ಮನನ್ನು ನಾನೇ ಕೊಂದೆ ಎಂದುಕೊಂಡು ಕಾರಿಡಾರಿನಲ್ಲಿ ನಿಂತಿದ್ದೆ. ಮೂರು ದಿನಕ್ಕೆ ನೀರಿಳಿದು ಉಸಿರು ನೆಟ್ಟಗಾಯಿತು. ಡಾಕ್ಟರು ನಮ್ಮನ್ನೆಲ್ಲ ನಿಲ್ಲಿಸಿ ಬೈದರು. "ನಾಲ್ಕು ದಿನದಲ್ಲಿ ಇವರು ಎರಡು ಕೆಜಿ ಜಾಸ್ತಿಯಾಗಿದ್ದಾರೆ. ಮನೇಲಿ ಯಾರೂ ತೂಕ ನೋಡಲ್ವಾ?"

ನನ್ನ ಹೆಂಡತಿ ಸರ್ಕಾರಿ ಶಾಲೆಯ ಟೀಚರ್, ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಇರುವವಳಲ್ಲ. ನನ್ನ ಕಡೆ ಕೈ ತೋರಿಸಿ ಹೇಳಿದಳು: "ದಿನಾ ನೋಡ್ತೀವಿ ಡಾಕ್ಟ್ರೇ. ಇವರು ಎರಡು ಕೆಜಿ ಇಳಿದಿದ್ರು. ಮನೆ ಒಟ್ಟು ತೂಕ ಅಷ್ಟೇ ಇತ್ತು, ಗೊತ್ತಾಗ್ಲಿಲ್ಲ."

ತುಳಿ, ತುಳಿ

ಅದಾದ ಮೇಲೆ ಅಮ್ಮನನ್ನು ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ನಾನು ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡೆ; ಹೆಂಡತಿ, ಮಗಳು ಬರುವ ತನಕ ಕಾವಲು ನನ್ನದು. ಆಮ್ಲಜನಕದ ಮೆಷೀನು ಮನೆಗೇ ಬಂತು. ಮಂಚದ ಪಕ್ಕ ಗೊರಗೊರ ಅನ್ನುತ್ತಾ ಕೂತಿರುತ್ತದೆ, ಅದರಿಂದ ಒಂದು ಸಣ್ಣ ಪೈಪು ಮೂಗಿಗೆ. ನನಗೆ ಸೈಕಲ್ಲಿಗೆ ಹೊರಗೆ ಹೋಗಲು ಆಗದು. ಹಿಂದಿನ ಚಕ್ರವನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ನಿಂತಲ್ಲೇ ತುಳಿಯುವ ವ್ಯವಸ್ಥೆ ಮಾಡಿಕೊಂಡೆ. ಜಾಗ ಇದ್ದದ್ದು ಅಮ್ಮನ ಕೋಣೆಯಲ್ಲಿ, ಮೆಷೀನಿನ ಪಕ್ಕದಲ್ಲಿ.

ಒಂದು ಭಾನುವಾರ ಚಿಕ್ಕಬಾಣಾವರದಿಂದ ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ನೋಡಲು ಬಂದಳು. ನಾನು ಬೆವರು ಸುರಿಸುತ್ತಾ ತುಳಿಯುತ್ತಿದ್ದೆ, ಎರಡನೇ ಗಂಟೆ ನಡೆಯುತ್ತಿತ್ತು. ಚಿಕ್ಕಮ್ಮ ಸೈಕಲ್ ನೋಡಿದಳು, ಮೆಷೀನ್ ನೋಡಿದಳು, ಪೈಪು ಹಿಡಿದು ಅಕ್ಕನ ಮೂಗಿನ ತನಕ ನೋಡಿದಳು. ಸೆರಗು ಕಣ್ಣಿಗೆ ಹೋಯಿತು.

"ಎಂತಾ ಮಗನ್ನ ಎತ್ತಿದೀಯಕ್ಕಾ! ನನ್ನೋವು ಮೂರವೆ, ಒಂದು ಲೋಟ ನೀರು ಕೊಡಾಕಿಲ್ಲ."

ನನಗೆ ಅರ್ಥವಾಗಲಿಲ್ಲ, ಹೊಗಳಿಕೆ ಯಾಕೆ ಬಿಡಬೇಕು ಎಂದು ನಕ್ಕೆ. ಕಾಲು ಗಂಟೆ ಬಿಟ್ಟು ನೀರು ಕುಡಿಯಲು ತುಳಿಯುವುದನ್ನು ನಿಲ್ಲಿಸಿದೆ. ಚಿಕ್ಕಮ್ಮ ಚೀರಿಬಿಟ್ಟಳು. "ಅಯ್ಯೋ ನಿಲ್ಲುಸ್ಬೇಡ್ವೋ! ಅಕ್ಕನ ಉಸಿರು ನಿಂತೋಯ್ತದೆ!"

ಅಕ್ಕ ಉಸಿರಾಡುತ್ತಿರುವುದೇ ನನ್ನ ಕಾಲಿನ ಬಲದಿಂದ ಎಂದು ಆಕೆ ತಿಳಿದಿದ್ದಳು. ಮೆಷೀನಿನ ವೈರು ಗೋಡೆಯ ಪ್ಲಗ್ಗಿನಲ್ಲಿದೆ ಎಂದು ತೋರಿಸಲು ನಾನು ಕೆಳಗಿಳಿಯುತ್ತಿದ್ದೆ. ಅಷ್ಟರಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡು, ಬಲಗೈಯನ್ನು ನಿಧಾನವಾಗಿ ಮೇಲೆತ್ತಿ, ಕೊನೆಯುಸಿರಿನ ದನಿಯಲ್ಲಿ ಹೇಳಿದಳು: "ತುಳಿ ಮಗಾ... ತುಳಿ..."

ಚಿಕ್ಕಮ್ಮ ಊಟ ಮುಗಿಸಿ ಹೊರಡುವ ತನಕ ತುಳಿದೆ. ನನ್ನ ತಯಾರಿಯಲ್ಲೇ ಅತಿ ಉದ್ದದ ಸವಾರಿ ಅದು.

ಎರಡು ಮೆಡಲ್ಲು

ಹೆಂಡತಿಯ ವಿಷಯ ಬರೆಯದೆ ಹೋದರೆ ಅನ್ಯಾಯ. ನಾನು ಬೆಳಗಿನ ಜಾವ ಯಲಹಂಕದ ಕೊಳಕ್ಕೆ ಈಜಲು ಹೋಗಿ ಏಳೂಕಾಲಿಗೆ ಬರುವಷ್ಟರಲ್ಲಿ ಅವಳು ಅಮ್ಮನಿಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಸಪ್ಪೆ ಅಡುಗೆ ಒಂದು, ಉಪ್ಪಿನ ಅಡುಗೆ ಒಂದು ಮಾಡಿ, ಮಗಳನ್ನು ಕಾಲೇಜಿಗೆ ಎಬ್ಬಿಸಿ, ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾನು ಒಳಗೆ ಕಾಲಿಟ್ಟ ಕ್ಷಣ ಅವಳು ಬಸ್ಸಿಗೆ ಓಡಬೇಕು. ಒಂದು ದಿನ ಹತ್ತು ನಿಮಿಷ ತಡವಾಗಿ ಬಂದು, "ಇವತ್ತು ಎರಡು ಸಾವಿರ ಮೀಟರ್ ಈಜಿದೆ ಕಣೇ" ಎಂದು ಹಿಗ್ಗಿನಿಂದ ಹೇಳಿದೆ.

"ಅಲ್ಲಿ ಕೊನೇಲಿ ಮೆಡಲ್ ಕೊಡ್ತಾರಾ?" ಎಂದಳು.

"ಟೈಮಿನೊಳಗೆ ಮುಗಿಸಿದೋರಿಗೆಲ್ಲ ಕೊಡ್ತಾರೆ."

"ಹಾಗಾದ್ರೆ ಎರಡು ಇಸ್ಕೊಂಡ್ ಬನ್ನಿ. ನಾನು ನಿಮಗಿಂತ ಮುಂಚೆ ಮುಗಿಸ್ತಿದೀನಿ, ದಿನಾ."

ಆಗ ನಗು ಬರಲಿಲ್ಲ. ಈಗಲೂ ಅಷ್ಟಾಗಿ ಬರುವುದಿಲ್ಲ.

ಫೋನು

ಐದನೇ ತಿಂಗಳಲ್ಲಿ ಒಂದು ಭಾನುವಾರ ಓಡುತ್ತಿದ್ದೆ. ಹೆಂಡತಿಯದು ಒಂದೇ ಷರತ್ತು: ಫೋನು ಬಂದರೆ ಏನು, ಯಾಕೆ ಎಂದು ಕೇಳಬಾರದು, ವಾಪಸ್ ಓಡಬೇಕು. ಮನೆಯಿಂದ ಐದು ಕಿಲೋಮೀಟರ್ ಆಚೆ, ವಾಯುಸೇನೆಯ ಕಾಂಪೌಂಡಿನ ಹತ್ತಿರ ಇದ್ದೆ. ಫೋನು ಬಂತು. "ಬೇಗ ಬನ್ನಿ. ಅಮ್ಮ ಕರೀತಿದಾರೆ." ಕಟ್ಟಾಯಿತು.

ತಿರುಗಿ ಓಡಿದೆ. ಆಟೋ ಹಿಡಿಯಬಹುದಿತ್ತು, ಹೊಳೆಯಲೇ ಇಲ್ಲ. ಯಾರಿಗೆ ಮೊದಲು ಹೇಳಬೇಕು, ಚಿಕ್ಕಮ್ಮನಿಗೆ ಹೇಗೆ ಹೇಳಬೇಕು ಎಂದೆಲ್ಲ ಯೋಚಿಸಿದೆ. ಅಳು ಬರುತ್ತಿತ್ತು. ನಾಚಿಕೆಯ ಸಂಗತಿ, ಆದರೂ ಹೇಳುತ್ತೇನೆ: ಅಳುತ್ತಲೇ ಎರಡು ಸಲ ವಾಚು ನೋಡಿ ವೇಗ ಎಷ್ಟಿದೆ ಎಂದು ಲೆಕ್ಕ ಹಾಕಿದೆ.

ಬಾಗಿಲು ತಳ್ಳಿಕೊಂಡು ಒಳಗೆ ಬಿದ್ದೆ. ಅಮ್ಮ ದಿಂಬಿಗೆ ಒರಗಿ ಕೂತಿದ್ದಳು.

"ರಿಮೋಟು ಎಲ್ಲಿ ಮಡಗಿದೀಯಲಾ?"

ರಿಮೋಟು ಸೈಕಲ್ಲಿನ ಹ್ಯಾಂಡಲ್ಲಿನಲ್ಲಿತ್ತು. ತುಳಿಯುತ್ತಾ ಟಿವಿ ನೋಡಲು ನಾನೇ ಸಿಕ್ಕಿಸಿದ್ದೆ. ಉಸಿರು ಬಿಡಲಾಗದೆ ನೆಲದ ಮೇಲೆ ಮಲಗಿದ್ದಾಗ ವಾಚು ಪೀಂ ಪೀಂ ಎಂದಿತು. ಮಗಳು ಬಗ್ಗಿ ಓದಿದಳು: ಐದು ಕಿಲೋಮೀಟರ್, ಇದುವರೆಗಿನ ನಿಮ್ಮ ಅತಿ ವೇಗದ ಓಟ, ಅಭಿನಂದನೆಗಳು. ಅಮ್ಮ ಮೂಗಿನ ಪೈಪನ್ನು ಬಿಚ್ಚಿ ನನ್ನ ಕಡೆ ಚಾಚಿದಳು. "ತಗೋ, ನನಗಿಂತ ನಿನಗೇ ಬೇಕಾಗೈತೆ."

ಮೀಸೆ

ಆರು ತಿಂಗಳು ಕಳೆಯಿತು. ಅಮ್ಮ ಇದ್ದಳು. ಮಂಚದಿಂದ ಜಗುಲಿಯ ಕುರ್ಚಿಯ ತನಕ ನಡೆಯುವುದೇ ಅವಳ ದಿನದ ಓಟ. ಕೂತ ಮೇಲೆ ಭಾನುವಾರ ತಪ್ಪದೆ ನನ್ನ ತಲೆಗೆ ಹರಳೆಣ್ಣೆ ಹಚ್ಚುವಳು. ಆ ಎಣ್ಣೆಯಿಂದ ಈಜುವ ಟೋಪಿ ನಿಲ್ಲುತ್ತಿರಲಿಲ್ಲ, ಜಾರಿ ಕೊಳದಲ್ಲಿ ತೇಲುತ್ತಿತ್ತು. ಕೋಚು ರೇಗಿದರು. "ಸಮುದ್ರದಲ್ಲಿ ಇದು ಕಳೆದ್ರೆ ನಿಮ್ಮನ್ನ ಹುಡುಕೋದು ಹೆಂಗೆ ಸಾರ್? ಕೂದಲು ತೆಗೆಸಿಬಿಡಿ." ಎಣ್ಣೆ ಬೇಡ ಎಂದು ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಕೂದಲು ತೆಗೆಸುವುದೇ ಸುಲಭ ಅನಿಸಿತು.

ರೇಸಿಗೆ ಹತ್ತು ದಿನವಿತ್ತು. ಹೆಂಡತಿಗೆ ಶಾಲೆ ರಜೆಯಿದ್ದ ದಿನ, ಈಜು ಮುಗಿಸಿ ನಮ್ಮ ಬೀದಿಯ ಕ್ಷೌರದಂಗಡಿಗೆ ಬಂದು ಕೂತೆ. ಅಂಗಡಿಯವರು ಮೂವತ್ತು ವರ್ಷದಿಂದ ನಮ್ಮ ಮನೆಯವರ ತಲೆ ಬಲ್ಲವರು. ಅಮ್ಮನ ಕಾಯಿಲೆಯೂ ಗೊತ್ತು. ಕೊಳದ ಕ್ಲೋರಿನ್ನಿಗೆ ನನ್ನ ಕಣ್ಣು ಕೆಂಪಗಾಗಿತ್ತು. ಸುಸ್ತಿನ ದನಿಯಲ್ಲಿ, "ಪೂರ್ತಿ ಬೋಳಿಸಿಬಿಡಿ" ಎಂದೆ.

ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. "ಯಾವಾಗ?" ಎಂದರು.

"ಈಗಲೇ" ಎಂದೆ.

ಹೆಗಲ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು. ತಲೆಗೆ ನೀರು ಹಾಕಿದ್ದು ಗೊತ್ತು, ಅಷ್ಟೇ. ನಾಲ್ಕು ಗಂಟೆಗೆ ಎದ್ದವನು, ನಿದ್ದೆ ಹೋದೆ. ಎಚ್ಚರವಾದಾಗ ಕನ್ನಡಿಯಲ್ಲಿ ತಲೆಗೂದಲೂ ಇರಲಿಲ್ಲ, ಮೀಸೆಯೂ ಇರಲಿಲ್ಲ. ನಮ್ಮಲ್ಲಿ ಎರಡೂ ಒಟ್ಟಿಗೆ ಹೋಗುವುದು ಹೆತ್ತವರು ಹೋದಾಗ ಮಾತ್ರ. ನಮ್ಮಪ್ಪ ಹೋಗಿ ಇಪ್ಪತ್ತು ವರ್ಷ. ಉಳಿದಿದ್ದು ಯಾರೆಂದು ಬೀದಿಗೆಲ್ಲ ಗೊತ್ತು. ದುಡ್ಡು ಕೊಡಲು ಹೋದರೆ ಅವರು ಕೈ ಮುಗಿದರು. "ಇದಕ್ಕೆ ಬೇಡ ಅಣ್ಣಾ." ಕ್ರೀಡಾಪಟುಗಳಿಗೆ ಇಷ್ಟು ಮರ್ಯಾದೆಯೇ ಎಂದುಕೊಂಡು, ಮೀಸೆಗೆ ಬೈಯುವುದನ್ನೂ ಬಿಟ್ಟು, ಸೊಪ್ಪು ತರಲು ಹೋದೆ.

ಸೊಪ್ಪು ಹಿಡಿದು ಬರುವಷ್ಟರಲ್ಲಿ ಮನೆ ಮುಂದೆ ಹನ್ನೆರಡು ಜನ. ಮುಂದುಗಡೆ ಎದುರು ಮನೆಯ ನಿವೃತ್ತ ಕಂಡಕ್ಟರು, ಎರಡೂ ಕೈಯಲ್ಲಿ ದಪ್ಪ ಸುಗಂಧರಾಜದ ಹಾರ. ಎಲ್ಲರೂ ಬಾಯಿ ಬಿಟ್ಟುಕೊಂಡು ಜಗುಲಿಯನ್ನೇ ನೋಡುತ್ತಿದ್ದರು. ಜಗುಲಿಯ ಕುರ್ಚಿಯಲ್ಲಿ ಅಮ್ಮ.

"ಯಾರು ಓದ್ರು?" ಎಂದು ಅಮ್ಮ ಅವರನ್ನೇ ಕೇಳುತ್ತಿದ್ದಳು.

ಕಂಡಕ್ಟರು ಒಮ್ಮೆ ಹಾರ ನೋಡಿದರು, ಒಮ್ಮೆ ಅಮ್ಮನನ್ನು ನೋಡಿದರು. "ನೀವೇ ಅಂತ ಕ್ಷೌರದಂಗಡೀಲಿ ಅಂದ್ರಲ್ಲಾ ಅಕ್ಕಾ..."

ಅಷ್ಟರಲ್ಲಿ ಬೋಳು ತಲೆ ಹೊತ್ತು ನಾನು ಬಂದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ನೆಲ ನೋಡಿದೆ. ಅಮ್ಮ ನಗಲು ಶುರು ಮಾಡಿದಳು. ಪೈಪು ಜಾರಿತು, ಕೆಮ್ಮು ಬಂತು, ಆದರೂ ನಿಲ್ಲಿಸಲಿಲ್ಲ. "ಬಂದೋರು ಬಂದಿದೀರ, ಕುಂತ್ಕಳಿ. ಅಳಾದಿದ್ರೆ ಇವತ್ತೇ ಅತ್ಬುಡಿ. ಆವತ್ತು ಅತ್ರೆ ನನಗೆ ಕೇಳಾಕಿಲ್ಲ. ಲೋ, ಎಲ್ರಿಗೂ ಕಾಫಿ ಮಾಡ್ಸು."

ಕಾಫಿ ಆಯಿತು. ಹಾರವನ್ನು ಹಿಂದಕ್ಕೆ ಒಯ್ಯಲು ಕಂಡಕ್ಟರು ನಾಚಿದರು. ಅಮ್ಮ ಬಿಡಲಿಲ್ಲ. ಹಾರವನ್ನು ಇಸಿದುಕೊಂಡು ನನ್ನ ಸೈಕಲ್ಲಿಗೆ ಹಾಕಿಸಿದಳು.

ಈ ಸಲ

ರೇಸು ಮುಗಿಸಿದೆ. ಗಡುವಿಗೆ ಇನ್ನು ಹನ್ನೊಂದು ನಿಮಿಷ ಇರುವಾಗ ಮುಗಿಸಿದೆ, ಹೆಚ್ಚು ಕಮ್ಮಿ ಕೊನೆಯವನಾಗಿ. ಬಸ್ಸಿಳಿದು ನೇರ ಮನೆಗೆ ಬಂದಾಗ ಅಮ್ಮ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. ಮೆಡಲನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಚೆನ್ನಾಗ್ ಓಡ್ದೆ" ಎಂದಳು. ಆಮೇಲೆ ಸೊಸೆಯನ್ನು ಕರೆದು ಅವಳ ಕೊರಳಿಗೆ ಹಾಕಿದಳು.

ಮಾತಿಗೆ ತಪ್ಪಲಿಲ್ಲ. ನೋಡಿಕೊಂಡು, ಅದರ ಮೇಲೆ ಇಪ್ಪತ್ತು ದಿನ ಇದ್ದು, ಒಂದು ಬೆಳಿಗ್ಗೆ ಕಾಫಿ ಕುಡಿದು ಹೋದಳು.

ಮಣ್ಣು ಮಾಡುವ ಜಾಗಕ್ಕೆ ಅದೇ ಕ್ಷೌರದಂಗಡಿಯವರು ಬಂದರು. ನನ್ನ ತಲೆಯಲ್ಲಿ ಒಂದು ತಿಂಗಳ ಕೂದಲು. ಕತ್ತಿ ಕೈಯಲ್ಲಿ ಹಿಡಿದವರು ತಲೆಗೆ ತಾಗಿಸುವ ಮೊದಲು ಆ ಕಡೆ ಹೋಗಿ, ಅಮ್ಮನ ಮುಖ ಒಮ್ಮೆ ನೋಡಿಕೊಂಡು ಬಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ.

ತಿಥಿ ಮುಗಿದ ಮಾರನೇ ದಿನ ಹಾಲು ತರಲು ಹೊರಗೆ ಬಂದೆ. ತಲೆ ಇನ್ನೂ ಬೋಳು, ಮೀಸೆ ಇಲ್ಲ. ಎದುರು ಮನೆಯ ಕಂಡಕ್ಟರು ಒಂದು ತಿಂಗಳು ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದು, ಅವತ್ತೇ ಬೆಳಿಗ್ಗೆ ಬಂದು ಗೇಟಿನ ಬೀಗ ತೆಗೆಯುತ್ತಿದ್ದರು. ನನ್ನನ್ನು ನೋಡಿದರು. ಮುಖ ಅರಳಿತು. ಬ್ಯಾಗು ಕೆಳಗಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಬೆರಳಾಡಿಸಿ ಕೂಗಿದರು:

"ಮತ್ತೆ ರೇಸಾ? ಈ ಸಲ ನಾನು ಮೋಸ ಹೋಗಲ್ಲ ಕಣಪ್ಪಾ! ಹಾರ ಗೀರ ಏನೂ ತರಲ್ಲ ಅಂತ ನಿಮ್ಮಮ್ಮಂಗೆ ಹೇಳು!"

"ಹೇಳ್ತೀನಿ ಸಾರ್" ಎಂದೆ.