ಬೇರು ಬಂದೇಬಿಟ್ಟಿತು

ಎಲ್ಲದಕ್ಕೂ ಮೂಲ ಒಂದು ಬೇರು. ಅಕ್ಕಿಕಾಳಿನಷ್ಟು ಉದ್ದ, ನರೆಗೂದಲಿನಷ್ಟು ಬಿಳುಪು. ಬಂದದ್ದೇನೋ ಸರಿ, ಸ್ವಲ್ಪ ಹೊತ್ತುಗೊತ್ತು ನೋಡಿಕೊಂಡು ಬರಬಹುದಿತ್ತು. ಅದು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಕ್ಷೌರದಂಗಡಿಯ ಮಾವನ ಕತ್ತರಿ ಡ್ರಿಲ್ ಮೇಷ್ಟ್ರ ಮೀಸೆಯ ಎಡತುದಿಯಲ್ಲಿತ್ತು.

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ‘ಅಲ್ಲಾಡಬೇಡಿ ಮಾವ’ ಎಂದು. ಮೂವತ್ತು ವರ್ಷದಿಂದ ಕುರ್ಚಿಯಲ್ಲಿ ಕೂತವರಿಗೆಲ್ಲ ಅವನು ಹೇಳುತ್ತ ಬಂದ ಮಾತು ಅದೊಂದೇ. ಮಕ್ಕಳು ಅಲ್ಲಾಡಿದ್ದರು, ಕುರ್ಚಿಯೂ ಅಲ್ಲಾಡಿತ್ತು, ಮಾವನ ಕೈ ಮಾತ್ರ ಒಂದು ದಿನವೂ ಅಲ್ಲಾಡಿದ್ದಿಲ್ಲ. ಆವತ್ತು ಅಲ್ಲಾಡಿತು.

“ಬಂತು!” ಎಂದು ಕೂಗಿದ ಮಾವ.

ಕಚಕ್ ಎಂದಿತು ಕತ್ತರಿ. ಮೇಷ್ಟ್ರ ಕೊರಳಿಗೆ ಕಟ್ಟಿದ್ದ ಬಿಳಿಬಟ್ಟೆಯ ಮೇಲೆ ಅರ್ಧ ಮೀಸೆ ಸತ್ತ ಕಂಬಳಿಹುಳದ ಹಾಗೆ ಬಂದು ಬಿತ್ತು.

“ಏನ್ರೀ ಬಂತು?”

“ಬೇರು ಮೇಷ್ಟ್ರೇ, ಬೇರು!”

“ನಿಮಗೆ ಬೇರು ಬಂತು, ನನಗೆ ಮೀಸೆ ಹೋಯ್ತಲ್ರೀ! ಹನ್ನೆರಡು ವರ್ಷದ ಮೀಸೆ! ಇದನ್ನ ನೋಡಿದ್ರೆ ಸಾಕು, ಏಳನೇ ಕ್ಲಾಸು ಪೂರ್ತಿ ಲೈನಲ್ಲಿ ನಿಲ್ತಿತ್ತು!”

ಮಾವನಿಗೆ ಕೇಳಿಸಿದ್ದರೆ ತಾನೆ? ಕನ್ನಡಿಯ ಕೆಳಗಿನ ಹಲಗೆಯಲ್ಲಿ, ಪೌಡರ್ ಡಬ್ಬಿಯ ಪಕ್ಕ ಇಟ್ಟಿದ್ದ ಪನ್ನೀರಿನ ಖಾಲಿ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದ. ಒಳಗೆ ಮನಿಪ್ಲಾಂಟಿನ ಒಂದು ತುಂಡು. ಎಲೆ ಈಚೆಗೆ ಒಂದು ಸುತ್ತು ದಪ್ಪಗಾದಂತೆ ಕಂಡಿತ್ತು. ಆರೈಕೆಯ ಫಲ ಎಂದುಕೊಂಡಿದ್ದ. ಈಗ ಬುಡದಲ್ಲಿ ಬೇರೇ ಇಣುಕುತ್ತಿದೆ! ಹುಟ್ಟಿದಾಗಿನಿಂದ ಬೆಳೆದದ್ದನ್ನು ಕತ್ತರಿಸುವುದೇ ಕಸುಬಾದವನಿಗೆ, ಕತ್ತರಿಸಿದ್ದು ಬೆಳೆಯುವುದನ್ನು ನೋಡಿದ್ದು ಇದೇ ಮೊದಲು. ಮಗಳಿಗೆ ಮೊದಲ ಹಲ್ಲು ಬಂದ ದಿನ ಬಿಟ್ಟರೆ ಎದೆ ಹೀಗೆ ಉಬ್ಬಿದ ನೆನಪಿರಲಿಲ್ಲ.

ತುಂಡು ಕೊಟ್ಟವರು ಎದುರುಗಡೆಯ ವಾಚನಾಲಯದ ಮೇಡಂ. ಯಾರೋ ಗಿರಾಕಿ ಅಂಗಡಿಯಲ್ಲಿ ಮರೆತುಹೋದ ಪುಸ್ತಕವನ್ನು ಹಿಂದಿರುಗಿಸಲು ಎರಡೂವರೆ ತಿಂಗಳ ಹಿಂದೆ ಮಾವ ಅಲ್ಲಿಗೆ ಹೋಗಿದ್ದ. ಕಿಟಕಿಯಿಂದ ಹೊರಟ ಬಳ್ಳಿ ಮೂರು ಕಪಾಟು ಸುತ್ತಿ ಗಡಿಯಾರದ ಕುತ್ತಿಗೆ ಹಿಡಿದಿತ್ತು. “ಇಷ್ಟೊಂದು ಬೆಳೆದಿದೆಯಲ್ಲ, ಇದಕ್ಕೆ ಕಟಿಂಗ್ ಮಾಡ್ಸಲ್ವಾ?” ಎಂದ. ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ವಾಚನಾಲಯದಲ್ಲಿ ನಗು ನಿಷಿದ್ಧ. ನಕ್ಕ ತಪ್ಪಿಗೆಂಬಂತೆ ಒಂದು ತುಂಡು ಕತ್ತರಿಸಿ ಕೊಟ್ಟರು. ಅದು ಸೋಪಿನ ನೊರೆ ಬಿದ್ದು ಹತ್ತೇ ದಿನಕ್ಕೆ ಕೊಳೆಯಿತು. ಎರಡನೆಯದನ್ನು ಬಹಳ ಹೊತ್ತು ಹುಡುಕಿ, ಯೋಚಿಸಿ ಕತ್ತರಿಸಿಕೊಟ್ಟರು. “ನೀರು ಬದಲಾಯಿಸ್ತಾ ಇರಿ. ದಿನ ಬಿಟ್ಟು ದಿನ ತಂದು ತೋರಿಸಿ. ಬೇರು ಬಂದ್ರೆ ಮಣ್ಣಿಗೆ ಹಾಕಿ, ಆಮೇಲೆ ನನ್ನ ಅಗತ್ಯ ಇಲ್ಲ.”

ಹಾಗಾಗಿ ದಿನ ಬಿಟ್ಟು ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಮಾವ ಬಾಟಲಿ ಹಿಡಿದು ರಸ್ತೆ ದಾಟುತ್ತಿದ್ದ. ಮೇಡಂ ಕನ್ನಡಕ ತೆಗೆದು ನೋಡಿ “ಇನ್ನೂ ಇಲ್ಲ” ಎನ್ನುತ್ತಿದ್ದರು. ಅಷ್ಟಕ್ಕೆ ಅರ್ಧ ನಿಮಿಷ ಸಾಕು. ಆದರೆ ಬಂದವರನ್ನು ಹಾಗೇ ಕಳಿಸುವುದು ಹೇಗೆ? ಪೇಪರಿನಲ್ಲಿ ಬಂದ ವಿಚಿತ್ರ ಸುದ್ದಿಯನ್ನು ಅವರು ಓದಿ ಹೇಳುತ್ತಿದ್ದರು. ಯಾರ ತಲೆಯಲ್ಲಿ ಏನಿದೆ, ಯಾರ ತಲೆಯಲ್ಲಿ ಏನೂ ಇಲ್ಲ ಎಂದು ಇವನು ಹೇಳುತ್ತಿದ್ದ. ಬರಬರುತ್ತ ಅರ್ಧ ನಿಮಿಷ ಮುಕ್ಕಾಲು ಗಂಟೆಯಾಯಿತು, ಇಬ್ಬರ ಬುತ್ತಿಯೂ ಒಂದೇ ಮೇಜಿಗೆ ಬಂತು. ಅದಕ್ಕೆ ಮೊದಲು, ಹೆಂಡತಿ ಹೋದ ಮೇಲಿನ ಎಂಟು ವರ್ಷ, ಮಾವ ಅಂಗಡಿಯ ಬಾಗಿಲು ಎಳೆದುಕೊಂಡು ಕನ್ನಡಿಗಳ ಮುಂದೆ ಕೂತು ಉಣ್ಣುತ್ತಿದ್ದ. ಮೂರು ಕನ್ನಡಿಯಲ್ಲಿ ಮೂರು ಜನ ಮಾವಂದಿರು ಉಣ್ಣುತ್ತಿದ್ದರು. ಒಬ್ಬನೂ ಮಾತಾಡುತ್ತಿರಲಿಲ್ಲ.

ಕೂಗು ಕೇಳಿ ಪಕ್ಕದ ಔಷಧಿ ಅಂಗಡಿಯ ಅಕ್ಕ ಓಡಿಬಂದಳು. ಬೀದಿಯಲ್ಲಿ ಸೀನಿದವರಿಗೆ ಕೇಳದೆಯೇ ಮದ್ದು ಹೇಳುವ ಹೆಂಗಸು. ಗಿಡದ ಹುಚ್ಚೂ ಅಷ್ಟೇ ಜೋರು. ಅವಳ ಅಂಗಡಿಯಲ್ಲಿ ಖಾಲಿಯಾದ ಒಂದೊಂದು ಸಿರಪ್ ಬಾಟಲಿಯಲ್ಲೂ ಒಂದೊಂದು ಕಡ್ಡಿ ನಿಂತಿರುತ್ತಿತ್ತು.

“ಬೇರು ಬಂತಾ? ಅಯ್ಯೋ ಎಷ್ಟು ಮುದ್ದಾಗಿದೆ! ನಡೀರಿ ಮಾವ, ಈಗಲೇ ಮೇಡಂಗೆ ತೋರಿಸೋಣ!”

“ಮೊದಲು ನನ್ನ ಮೀಸೆಯ ಪಂಚಾಯ್ತಿ ಆಗ್ಲಿ!” ಎಂದರು ಮೇಷ್ಟ್ರು.

ಮಾವನಿಗೆ ಹೊಳೆದದ್ದು ಆಗ. ಬೇರು ಬಂದರೆ ಮಣ್ಣಿಗೆ. ಮಣ್ಣಿಗೆ ಹಾಕಿದ ಮೇಲೆ ಮೇಡಂ ಅಗತ್ಯ ಇಲ್ಲ. ಇಷ್ಟು ದಿನ ಬೇರು ಬರಲಿ ಬರಲಿ ಎಂದು ಹಂಬಲಿಸಿದವನು ಇದನ್ನು ಯೋಚಿಸಿಯೇ ಇರಲಿಲ್ಲ. ನಾಳೆಯಿಂದ ಮತ್ತೆ ಆ ಮೂವರು ಮಾವಂದಿರು.

“ಬಿಸಿನೀರು ತರ್ತೀನಿ, ಕೂತಿರಿ” ಎಂದು ಬಾಟಲಿಯ ಸಮೇತ ಪರದೆಯ ಹಿಂದೆ ಹೋದ. ತುಂಡನ್ನು ಹೊರತೆಗೆದು ಅಂಗೈಯಲ್ಲಿಟ್ಟುಕೊಂಡ. ಕಿವಿಕೂದಲು ತೆಗೆಯುವ ಪುಟ್ಟ ಕತ್ತರಿ ಹಿಡಿದ. ಒಂದೇ ಒಂದು ಕಚಕ್. ಇನ್ನೆರಡು ತಿಂಗಳು ನಿಶ್ಚಿಂತೆ. ಆದರೆ ಕೈ ಬರಲಿಲ್ಲ. ಇಷ್ಟು ಚಿಕ್ಕದು, ಅಷ್ಟು ದಿನ ಕಾದ ಮೇಲೆ ಬಂದದ್ದು, ಅದರದ್ದೇನು ತಪ್ಪು?

“ಅಯ್ಯಯ್ಯೋ ಕೊಲೆ!” ಪರದೆ ಸರಿಸಿ ನಿಂತಿದ್ದಳು ಅಕ್ಕ. “ಏನ್ ಮಾಡ್ತಿದೀರಿ?”

“ಅದು... ತುದಿ ಸ್ವಲ್ಪ ಟ್ರಿಮ್ ಮಾಡಿದ್ರೆ ದಟ್ಟವಾಗಿ ಬರುತ್ತೆ. ಕೂದಲ ಹಾಗೆ.”

“ನಿಮ್ಮ ತಲೆ! ಇಲ್ಲಿ ಕೊಡಿ!”

ತುಂಡು ಮತ್ತೆ ಬಾಟಲಿಗಿಳಿಯಿತು, ಬಾಟಲಿ ಅಕ್ಕನ ಕೈ ಸೇರಿತು. ಮುಂದೆ ಅಕ್ಕ, ಆರತಿ ತಟ್ಟೆ ಹಿಡಿದಷ್ಟು ಜೋಪಾನವಾಗಿ. ಹಿಂದೆ ಮಾವ, ಗಲ್ಲಿಗೆ ಹೊರಟವನ ಹಾಗೆ. ಅವನ ಹಿಂದೆ ಒಂದು ಕೆನ್ನೆಗೆ ನೊರೆ, ಒಂದು ಕಡೆಗೆ ಮೀಸೆ, ಕೊರಳಿಗೆ ಬಿಳಿಬಟ್ಟೆಯ ಮೇಷ್ಟ್ರು, “ನನಗೆ ನ್ಯಾಯ ಬೇಕು” ಎನ್ನುತ್ತ. ರಸ್ತೆಯಲ್ಲಿ ಒಂದು ಸೈಕಲ್ ನೇರ ಹೋಗಿ ಕಂಬಕ್ಕೆ ಮುತ್ತಿಟ್ಟಿತು.

ವಾಚನಾಲಯದೊಳಗೆ ಪೇಪರಿನ ಮರೆಯಲ್ಲಿ ನಾಲ್ಕು ತಲೆಗಳಿದ್ದವು. ಮೌನದ ಜಾಗವಾದ್ದರಿಂದ ಜಗಳವೂ ಪಿಸುಮಾತಿಗೆ ಇಳಿಯಿತು.

“ಮೇಡಂ, ಬೇರು ಬಂತು” ಎಂದು ಅಕ್ಕ ಪಿಸುಗುಟ್ಟಿದಳು.

“ಮೇಡಂ, ಮೀಸೆ ಹೋಯ್ತು” ಎಂದು ಮೇಷ್ಟ್ರು ಪಿಸುಗುಟ್ಟಿದರು.

ಮೇಡಂ ಮೀಸೆಯ ಕಡೆ ನೋಡಲೇ ಇಲ್ಲ. ಕನ್ನಡಕ ತೆಗೆದರು. ಬಾಟಲಿಯನ್ನು ಕಿಟಕಿಗೆ ಹಿಡಿದರು. ತಿರುಗಿಸಿದರು. ಮುಖ ಸಣ್ಣಗಾಯಿತು. ಮಾವ ತನ್ನ ಚಪ್ಪಲಿ ನೋಡುತ್ತ ನಿಂತ.

“ಇದು ನಾನು ಕೊಟ್ಟದ್ದಲ್ಲ” ಎಂದರು ಮೇಡಂ.

“ಅಲ್ಲದೆ ಏನು, ನಿಮ್ಮದೇ...” ಎಂದಳು ಅಕ್ಕ. ಮೇಡಂ ನೋಟ ಬಾಟಲಿಯಿಂದ ಅಕ್ಕನ ಮೇಲೆ ಬಂದು ಅಲ್ಲೇ ನಿಂತಿತು. ಅಕ್ಕ ಸೋತಳು.

“ಹೂಂ, ನಾನೇ ಬದಲಾಯಿಸಿದೆ. ಹೋದ ವಾರ, ಮಾವ ಟವೆಲ್ ಒಣಗಿಸೋಕೆ ಹೋದಾಗ. ಏನ್ ಮಾಡ್ಲಿ ಹೇಳಿ? ಬೆಳಗ್ಗೆ ಸಂಜೆ ಆ ಬಾಟಲಿ ಮುಂದೆ ನಿಂತು ಇಣುಕಿ ಇಣುಕಿ ನೋಡ್ತಾರೆ, ನನ್ನ ಕೈಲಿ ನೋಡೋಕಾಗ್ಲಿಲ್ಲ. ಆ ತುಂಡಿಗೆ ಗೆಣ್ಣೇ ಇರಲಿಲ್ಲ ಮೇಡಂ! ಎಲೆ, ತೊಟ್ಟು, ಅಷ್ಟೇ. ಗೆಣ್ಣಿದ್ರೆ ತಾನೆ ಬೇರು? ನೂರು ವರ್ಷ ನೀರಲ್ಲಿಟ್ರೂ ಗಿಡ ಆಗಲ್ಲ ಅದು. ಪಾಪ, ನಿಮಗೆ ಪುಸ್ತಕ ಗೊತ್ತು, ಗಿಡ ಗೊತ್ತಿಲ್ಲ. ತಿಳೀದೆ ಕೊಟ್ಟುಬಿಟ್ಟಿದೀರಿ ಅಂದ್ಕೊಂಡೆ.”

ಮೇಡಂಗೆ ರೇಗಿತು. “ತಿಳೀದೆ? ಹದಿನಾಲ್ಕು ವರ್ಷದಿಂದ ಈ ಬಳ್ಳಿ ಬೆಳೆಸಿರೋದು ಯಾರು? ಗೆಣ್ಣು ಎಲ್ಲಿರುತ್ತೆ ಅಂತ ನನಗೆ ಗೊತ್ತಿಲ್ವಾ? ನೋಡಿ ನೋಡಿ, ಗೆಣ್ಣು ತಪ್ಪಿಸಿ...”

ಮಾತು ಅಲ್ಲೇ ನಿಂತಿತು. ಮೌನದ ನಿಯಮವನ್ನು ಅವರೇ ಮುರಿದಿದ್ದರು, ಅದೂ ಗಟ್ಟಿದನಿಯಲ್ಲಿ. ನಾಲ್ಕೂ ಪೇಪರುಗಳು ಒಂದೊಂದು ಗೇಣು ಕೆಳಗಿಳಿದವು.

“ಅಂದ್ರೆ... ಬೇಕೂಂತಲೇ...” ಎಂದು ಮೇಷ್ಟ್ರು ಲೆಕ್ಕ ಬಿಡಿಸತೊಡಗಿದರು. ಅಕ್ಕ ಅವರ ಪಕ್ಕೆಗೆ ತಿವಿದಳು.

ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ಮಾವನಿಗೆ. ಅರ್ಥವಾದಾಗ ಮಕ್ಕಳ ಪುಸ್ತಕದ ಮೂಲೆಯಲ್ಲಿದ್ದ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತುಬಿಟ್ಟ.

“ಈಗ ತಾನೆ ಆ ಬೇರು ಕತ್ತರಿಸಿಬಿಡೋಣ ಅಂತ ಹೊರಟಿದ್ದೆ” ಎಂದ ನೆಲ ನೋಡುತ್ತ.

“ಕತ್ತರಿಸೋದಾ? ಯಾಕೆ?”

“ನೀವು ಯಾಕೆ ಗೆಣ್ಣು ತಪ್ಪಿಸಿದ್ರೋ, ಅದಕ್ಕೇ.”

ಮೇಡಂ ಕನ್ನಡಕ ಹಾಕಿಕೊಂಡರು, ತೆಗೆದರು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಕಿವಿ ಎರಡೂ ಕೆಂಪಗಾಗಿದ್ದವು. ಒಂದು ಪೇಪರಿನ ಹಿಂದಿನಿಂದ ಯಾರೋ ಮೂಗು ಸೇದಿದರು. ಅಕ್ಕ ಅಭ್ಯಾಸಬಲದಿಂದ “ಶುಂಠಿ ಕಷಾಯ ಕುಡೀರಿ” ಎಂದಳು.

ಪಂಚಾಯ್ತಿ ಮುಗಿಯಿತು. ಗಿಡ ತನ್ನದಾದ್ದರಿಂದ ಅಕ್ಕ ಅದನ್ನು ಬೇರಿನ ಸಮೇತ ವಾಪಸು ತೆಗೆದುಕೊಂಡಳು. ಉಳಿದರ್ಧ ಮೀಸೆಯನ್ನೂ ತೆಗೆದು, ಹೊಸ ಮೀಸೆ ಹಳೆಯದರಷ್ಟೇ ಆಗುವವರೆಗೆ ಮೇಷ್ಟ್ರಿಗೆ ಪುಕ್ಕಟೆ ಕ್ಷೌರ ಎಂದು ತೀರ್ಮಾನವಾಯಿತು. ಮಾವನಿಗೆ ಉಳಿದದ್ದು ಖಾಲಿ ಬಾಟಲಿ, ಬೆಳಗ್ಗೆ ಅಂಗಡಿ ತೆರೆದಾಗ ಇದ್ದದ್ದಕ್ಕಿಂತ ಒಂದೆಲೆ ಕಮ್ಮಿ.

ಮೇಡಂ ಮೇಜಿನ ಖಾನೆಯಿಂದ ಕತ್ತರಿ ತೆಗೆದರು. ಇನ್ನೊಂದು ಸ್ಟೂಲು ಹತ್ತಿ ಬಳ್ಳಿಯ ಉದ್ದಕ್ಕೂ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದರು.

“ಇನ್ನೊಂಚೂರು ಕೆಳಗೆ ಮೇಡಂ!” ಅಕ್ಕನಿಗೆ ತಡೆಯಲಾಗಲಿಲ್ಲ. “ಗೆಣ್ಣು ಬಳ್ಳೀಲೇ ಉಳಿದುಬಿಡುತ್ತೆ!”

“ಗೊತ್ತು” ಎಂದರು ಮೇಡಂ ಮತ್ತು ಮಾವ ಒಟ್ಟಿಗೆ.

ಕಚಕ್ ಎಂದಿತು. ಒಂದೆಲೆ, ಒಂದು ತೊಟ್ಟು. ಮಾವ ಎರಡೂ ಕೈಯಲ್ಲಿ ತೆಗೆದುಕೊಂಡು ಬಾಟಲಿಗೆ ಇಳಿಬಿಟ್ಟ. ಬಾಗಿಲವರೆಗೆ ಹೋಗಿ ತಿರುಗಿ ನಿಂತ.

“ನಾಡಿದ್ದು ತರಲಾ?”

“ನಾಡಿದ್ದು ಯಾಕೆ?” ಎಂದರು ಮೇಡಂ, ರಿಜಿಸ್ಟರಿನಿಂದ ತಲೆ ಎತ್ತದೆ. “ನಾಳೇನೇ ತನ್ನಿ. ಈ ತುಂಡಿನ ಸ್ಥಿತಿ ಸೂಕ್ಷ್ಮವಾಗಿದೆ. ದಿನಾ ನೋಡ್ಬೇಕಾಗುತ್ತೆ.”